ಪಿಡಿಪಿ-8/ಇ: ಕೋರ್ ಮೆಮೊರಿ ಬದಲಿಸದೇ ಎಬ್ಬಿಸಿದ್ದು (ನನ್ನ ಅನುಭವ)

ಪಿಡಿಪಿ-8/ಇ ಅಂದರೆ 1970ರ ದಶಕದ ಮಿನಿಕಂಪ್ಯೂಟರ್. ಕೋರ್ ಅಂದರೆ ಅದರ ಮೆಮೊರಿ, ಪುಟ್ಟ ಕಾಂತೀಯ ಉಂಗುರಗಳದ್ದು. ನನ್ನದು ಕೆಟ್ಟಾಗ ಕೋರ್ ಹೋಯ್ತು, ಸೆಮಿಕಂಡಕ್ಟರ್ ಬೋರ್ಡ್ ಹಾಕಿ ಮುಗಿಸು ಎಂದವರೇ ಹೆಚ್ಚು. ಅದಕ್ಕೆ ಕಸ್ಟಮ್ಸ್ ಸೇರಿ ಮೂವತ್ತು ಸಾವಿರ ರೂಪಾಯಿ ಮೇಲೆ. ಹಳೇ ಕೋರ್‌ನಲ್ಲೇ ಕೆಲಸ ಆಯ್ತು, ನಾಲ್ಕು ಸಾವಿರವೂ ದಾಟಲಿಲ್ಲ.

ಮೊದಲು ಪವರ್ ಸಪ್ಲೈ. ದಪ್ಪ ಕೆಪಾಸಿಟರ್‌ಗಳನ್ನು ಎಸೆಯಲಿಲ್ಲ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಡದೆ, 10 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿಟ್ಟು ಗಂಟೆಗೆ ಐದು ವೋಲ್ಟಿನಂತೆ ಏರಿಸಿದೆ. ರೆಸಿಸ್ಟರ್ ಮೇಲೆ 5 ವೋಲ್ಟ್ ಇದ್ದರೆ ಕೆಪಾಸಿಟರ್ ಸೋರಿಕೆ ಅರ್ಧ ಮಿಲಿಆಂಪ್. ಮೊದಲ ಎರಡು ದಿನ ಅದು ಇಳಿಯಲೇ ಇಲ್ಲ. ಬ್ಲೀಡರ್ (ಕೆಪಾಸಿಟರ್ ಖಾಲಿ ಮಾಡುವ ರೆಸಿಸ್ಟರ್) ಬಿಚ್ಚಿರಲಿಲ್ಲ, ನೋಡುತ್ತಿದ್ದದ್ದು ಅದರ ಕರೆಂಟು! +5 ವೋಲ್ಟ್ ಸಪ್ಲೈಗೆ ಲೋಡ್ ಅಂತ ಕಾರಿನ ಹೆಡ್‌ಲೈಟ್ ಬಲ್ಬ್ ಹಾಕಿದ್ದೂ ದಡ್ಡತನ. ತಣ್ಣಗಿರುವ ಫಿಲಮೆಂಟ್ ಶಾರ್ಟ್ ಇದ್ದ ಹಾಗೆ, ಸಪ್ಲೈ ಏಳುವ ಮೊದಲೇ ಮಲಗುತ್ತಿತ್ತು. ಇಸ್ತ್ರಿಪೆಟ್ಟಿಗೆಯ ನಿಕ್ರೋಮ್ ತಂತಿ ಸರಿಹೋಯ್ತು.

ಇನ್ನು ಕೋರ್. ಮುಂದಿನ ಸ್ವಿಚ್‌ಗಳಿಂದ 0000 (ಹನ್ನೆರಡೂ ಬಿಟ್ 0), ಆಮೇಲೆ 7777 (ಆಕ್ಟಲ್‌ನಲ್ಲಿ ಹನ್ನೆರಡೂ 1) ತುಂಬಿ ಓದಿ. ತಪ್ಪು ಬೀಳುವ ರೀತಿಯೇ ಜಾಗ ಹೇಳುತ್ತದೆ. ಎಲ್ಲಾ ವಿಳಾಸದಲ್ಲೂ ಒಂದೇ ಬಿಟ್ 1 ಆಗಿಯೇ ಇದ್ದರೆ ಇನ್ಹಿಬಿಟ್ ಡ್ರೈವರ್ (1 ಬರೆಯದಂತೆ ತಡೆಯುವ ಸರ್ಕ್ಯೂಟ್) ಸತ್ತಿದೆ, ಯಾಕಂದ್ರೆ ಬರೆಯುವಾಗ ತಡೆಯದಿದ್ದರೆ ಕೋರ್ ತಾನಾಗಿ 1 ಆಗುತ್ತದೆ. ಸದಾ 0 ಆದರೆ ಮೊದಲ ಅನುಮಾನ ಕೋರ್ ಓದುವ ಸೆನ್ಸ್ ಆಂಪ್ಲಿಫೈಯರ್ ಮೇಲೆ. ಎರಡೂ ಜಿ104 ಬೋರ್ಡಿನಲ್ಲೇ ಇವೆ. ನನ್ನದರಲ್ಲಿ ಸರಿಯಾಗಿ 64 ವಿಳಾಸ, ಹನ್ನೆರಡೂ ಬಿಟ್ ಸೊನ್ನೆ. 64 ಗುಣಿಲೆ 64 ಗೆರೆಗಳಲ್ಲಿ ಒಂದು ಗೆರೆ ಪೂರ್ತಿ ಸತ್ತಿತ್ತು, ಅಂದರೆ ಆ ಗೆರೆ ಆರಿಸುವ ಡಯೋಡ್ ಹೋಗಿದೆ. ಮೂರು ರೂಪಾಯಿ ಮಾಲು. ಸ್ಟ್ಯಾಕಿನ (ಕೋರ್ ಇರುವ ಬೋರ್ಡ್) ಮುಚ್ಚಳ ತೆಗೆಯದೇ ಯಾವ ಡಯೋಡ್ ಅಂತ ಹಿಡಿಯುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆ ಕಾಲದ ಟೈಪಿಂಗ್ ಯಂತ್ರ ಟೆಲಿಟೈಪ್ ಕೊಳ್ಳುವ ಗೋಜಿಗೆ ಹೋಗಲಿಲ್ಲ. ಅದರ 20 ಮಿಲಿಆಂಪ್ ಕರೆಂಟ್ ಲೂಪ್‌ಗೆ (ಡೇಟಾ ಸಾಗುವ ದಾರಿ) ಎರಡು ಆಪ್ಟೋಕಪ್ಲರ್, ಒಂದು ಮೈಕ್ರೋಕಂಟ್ರೋಲರ್, 110 ಬಾಡ್, ಎರಡು ಸ್ಟಾಪ್ ಬಿಟ್. ಒಂದೇ ಸ್ಟಾಪ್ ಬಿಟ್ ಇಟ್ಟು ಒಂದು ಸಂಜೆ ಕಸ ಓದಿದ್ದಾಯ್ತು. ಬಿನ್ ರೂಪದ ಟೇಪಿನಲ್ಲಿ 12 ಬಿಟ್ ಪದಕ್ಕೆ ಎರಡು ಫ್ರೇಮ್ (ಅಕ್ಷರ), ಸೆಕೆಂಡಿಗೆ ಹತ್ತು ಫ್ರೇಮ್. 4ಕೆ (4096 ಪದ) ತುಂಬಲು ಸುಮಾರು 14 ನಿಮಿಷ. ವೇಗ ಹೆಚ್ಚಿಸಲು ಬೋರ್ಡಿನ ಕ್ರಿಸ್ಟಲ್ ಬದಲಿಸಿಯೂ ನೋಡಿದೆ, ಆದರೆ ಸರಿಬರಲಿಲ್ಲ, ವಾಪಸ್ ಹಾಕಿದೆ.

ರಿಮ್ ಲೋಡರ್ (ಮಿಕ್ಕ ಪ್ರೋಗ್ರಾಂ ಒಳಗೆಳೆಯುವ ಪುಟ್ಟ ಪ್ರೋಗ್ರಾಂ) ಎಂಬುದರ 16 ಪದ 7756ನೇ ವಿಳಾಸದಿಂದ ಸ್ವಿಚ್‌ಗಳಲ್ಲಿ ಕೈಯಲ್ಲೇ ತುಂಬಿದ್ದು. ಹಾಲ್ಟ್ ಮಾಡಿ, ಪವರ್ ತೆಗೆದು, ಮೂರು ದಿನ ಬಿಟ್ಟು ನೋಡಿದರೆ 7756ರಲ್ಲಿ ಅದರ ಮೊದಲ ಪದ 6032 ಹಾಗೇ ಕೂತಿತ್ತು.