ರಾಯಚೂರಿನ ಶಾಲೆ, ಪ್ಯಾರಿಸ್‌ನ ಅಂಕಿ: ಹೋಲಿಸುವ ಮುನ್ನ

ಪ್ರಾಜೆಕ್ಟ್ ವರದಿಗೆ ಒಇಸಿಡಿ (ಪ್ಯಾರಿಸ್‌ನಲ್ಲಿರುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಅಂಕಿ ಬಳಸುವವರು ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. 'ಶಿಕ್ಷಣ ಹೇಗಿದೆ' ಅಂದರೆ ಸಾಲದು. 'ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಖರ್ಚೆಷ್ಟು' ಅನ್ನಿ.

ಆಮೇಲೆ ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ ಓದಿ. ವರ್ಷ, ವಯಸ್ಸು, ಏಕಮಾನ ಅಲ್ಲೇ ಇರುತ್ತವೆ.

ಹೆಚ್ಚಿನವರು ಎಡವುವುದು ಡಾಲರ್‌ನಲ್ಲಿ. ಲಿಂಗಸುಗೂರಿನ ಒಂದು ಶಾಲೆಯಲ್ಲಿ ಮಗುವಿಗೆ ₹40,000 ಖರ್ಚು ಎಂದಿಟ್ಟುಕೊಳ್ಳಿ. ಡಾಲರಿಗೆ ₹80ರಂತೆ ಭಾಗಿಸಿದರೆ 500. ಆದರೆ ಒಇಸಿಡಿ ಶಿಕ್ಷಣ ಖರ್ಚನ್ನು ಕೊಡುವುದು ಕೊಳ್ಳುವ ಶಕ್ತಿಯ ಸಮಾನತೆಯ, ಅಂದರೆ ಪಿಪಿಪಿ ಡಾಲರ್‌ನಲ್ಲಿ. ಭಾರತಕ್ಕೆ ಆ ದರ, ಅಂದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ಇಲ್ಲಿ ಕೊಳ್ಳಲು ಬೇಕಾದ ಹಣ, ಸುಮಾರು ₹20. ಆಗ ಉತ್ತರ 2,000. ಒಂದೇ ಶಾಲೆ, ನಾಲ್ಕು ಪಟ್ಟು ವ್ಯತ್ಯಾಸ! ಮೇಷ್ಟ್ರ ಸಂಬಳ, ಬಿಸಿಯೂಟದ ಅಕ್ಕಿಬೇಳೆ ಇಲ್ಲಿ ಅಗ್ಗ, ಅದಕ್ಕೇ ಹೀಗೆ. ಆಯಾ ವರ್ಷದ ದರವನ್ನೇ ಹಾಕಿ.

ಪಿಸಾ ಅಂಕವನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಪಕ್ಕ ಇಡಲೇಬೇಡಿ. ಪಿಸಾ ಅಂದರೆ 15 ವರ್ಷದ ಮಕ್ಕಳಲ್ಲಿ ಕೆಲವರನ್ನಷ್ಟೇ ಆಯ್ದು ಒಇಸಿಡಿ ನಡೆಸುವ ಪರೀಕ್ಷೆ. 2022ರ ಗಣಿತದಲ್ಲಿ ಒಇಸಿಡಿ ಸರಾಸರಿ 472. ಅದು ಶೇಕಡಾವಾರು ಅಲ್ಲ, ಅದರಲ್ಲಿ ಪಾಸು-ಫೇಲೂ ಇಲ್ಲ. ಭಾರತ ಒಇಸಿಡಿ ಸದಸ್ಯ ದೇಶವಲ್ಲ. ಇಲ್ಲಿ ಪಿಸಾ ನಡೆದದ್ದು ತಮಿಳುನಾಡು, ಹಿಮಾಚಲ ಪ್ರದೇಶಗಳಲ್ಲಿ ಮಾತ್ರ. ಕೊಪ್ಪಳದ ಅಂಕಿ ಅಲ್ಲಿ ಹುಡುಕಿದರೆ ಸಿಗದು.

ಪರಿಸರಕ್ಕೂ ಇದೇ ಎಚ್ಚರ. ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳ (ಪಿಎಂ 2.5) ವಾರ್ಷಿಕ ಮಿತಿ ನಮ್ಮಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 5. ಉಷ್ಣ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಗಾಳಿಯನ್ನು ಯಾವುದಕ್ಕೆ ಹೋಲಿಸಿದಿರೆಂದು ಬರೆಯದಿದ್ದರೆ ಓದುವವರಿಗೆ ಮೋಸವಾದಂತೆ.