ಆಟೋ ಡಾರ್ಕ್ ವೆಲ್ಡಿಂಗ್ ಹೆಲ್ಮೆಟ್ ಕೈಕೊಟ್ಟರೆ ಎಲ್ಲೆಲ್ಲಿ ನೋಡಬೇಕು

ಆರ್ಕ್ (ವೆಲ್ಡಿಂಗಿನ ಪ್ರಖರ ಕಿಡಿ) ಹೊಡೆದರೂ ಹೆಲ್ಮೆಟ್ಟಿನ ಗ್ಲಾಸ್ ತಾನಾಗಿ ಕಪ್ಪಾಗುತ್ತಿಲ್ಲವೇ? ಮೊದಲು ಗ್ರೈಂಡ್ ಸ್ವಿಚ್ ನೋಡಿ. ಗ್ರೈಂಡಿಂಗ್ ಮುಗಿದ ಮೇಲೆ ಅದನ್ನು ವೆಲ್ಡ್ ಕಡೆಗೆ ತಿರುಗಿಸದಿದ್ದರೆ ಗ್ಲಾಸ್ ಶೇಡ್ (ಕಪ್ಪಿನ ಮಟ್ಟ) 3 ಅಥವಾ 4ರಲ್ಲೇ ನಿಂತಿರುತ್ತದೆ. ಹೊರಗಡೆ ತಿರುಪು ಇರುವ ಮಾಡೆಲ್‌ಗಳಲ್ಲಿ ಕೈ ತಗುಲಿಯೂ ಅದು ತಿರುಗಿಬಿಡುತ್ತದೆ.

ಆಮೇಲೆ ಟಿವಿ ರಿಮೋಟ್ ತನ್ನಿ. ಆರ್ಕ್ ಬೆಳಕನ್ನು ಗುರುತಿಸುವ ಸೆನ್ಸರ್ ಎದುರಿಗೆ ಹಿಡಿದು ಗುಂಡಿ ಒತ್ತಿದರೆ ಎಷ್ಟೋ ಹೆಲ್ಮೆಟ್‌ಗಳು ಮಿನುಗಿ ಕಪ್ಪಾಗುತ್ತವೆ. ಹಾಗಾದರೆ ಎಲೆಕ್ಟ್ರಾನಿಕ್ಸ್ ಜೀವಂತವಾಗಿದೆ, ತೊಂದರೆ ಸೆಟ್ಟಿಂಗಿನಲ್ಲೋ ಸೆನ್ಸರಿನಲ್ಲೋ ಇದೆ ಎಂದರ್ಥ. ಆಗದಿದ್ದರೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ, ರಿಮೋಟಿಗೆ ಸ್ಪಂದಿಸದ ಮಾಡೆಲ್‌ಗಳೂ ಇವೆ. ಬ್ಯಾಟರಿ ಬದಲಿಸಿ ನೋಡಿ.

ಮುಂದೆ ಸೋಲಾರ್ ಪಟ್ಟಿ ಇರುವಾಗ ಬ್ಯಾಟರಿ ಯಾಕೆ ಎಂದು ಕೇಳುವವರು ಬಹಳ. ಹೆಚ್ಚಿನ ಹೆಲ್ಮೆಟ್‌ಗಳಿಗೆ ಎರಡೂ ಬೇಕು. ಸಿಆರ್2032 ಅಥವಾ ಸಿಆರ್2450 ಬಿಲ್ಲೆ ಸಾಮಾನ್ಯ, ಕೆಲವಕ್ಕೆ ಎಎಎ ಸೆಲ್. ಮಲ್ಟಿಮೀಟರಿನಲ್ಲಿ 3 ವೋಲ್ಟ್ ತೋರಿಸಿತೆಂದು ನಂಬಬೇಡಿ: ಸೊರಗಿದ ಲಿಥಿಯಂ ಬಿಲ್ಲೆಯೂ ಲೋಡ್ ಇಲ್ಲದಾಗ ಹಾಗೇ ತೋರಿಸುತ್ತದೆ. ಎರಡಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಸಂಪರ್ಕದ ತಗಡಿಗೆ ಹಸಿರು ಕಿಲುಬು ಹಿಡಿದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಬ್ಯಾಟರಿ ಬಾಗಿಲೇ ಇಲ್ಲದ ಅಗ್ಗದ ಕ್ಯಾಸೆಟ್ಟನ್ನು (ಕಪ್ಪಾಗುವ ಫಿಲ್ಟರ್ ಇರುವ ಭಾಗ) ಅರ್ಧ ಗಂಟೆ ಬಿಸಿಲಿಗಿಟ್ಟು ನೋಡಬಹುದು. ಅದಕ್ಕೂ ಎಚ್ಚರವಾಗದಿದ್ದರೆ ಹೊಸದೇ ಗತಿ. ಸೀಲ್ ಒಡೆದು ಬಿಚ್ಚಲು ಹೋಗಬೇಡಿ.

ಹೆಚ್ಚು ತಲೆ ತಿನ್ನುವುದು ವೆಲ್ಡಿಂಗ್ ಮಧ್ಯೆ ಕಪ್ಪು-ಬಿಳುಪು ಮಿನುಗುವ ಕಾಯಿಲೆ. ಕಾರಣ ಸಾಮಾನ್ಯವಾಗಿ ಒಂದೇ, ಸೆನ್ಸರಿಗೆ ಆರ್ಕ್ ಕಾಣುತ್ತಿಲ್ಲ. ಪೈಪಿನ ಹಿಂಬದಿ ಅಥವಾ ಮೂಲೆಯಲ್ಲಿ ಬೆಸುಗೆ ಹಾಕುವಾಗ ಪೈಪೋ, ವೆಲ್ಡಿಂಗ್ ಟಾರ್ಚೋ, ನಿಮ್ಮದೇ ಕೈಯೋ ಅಡ್ಡ ಬರುತ್ತದೆ. ಎರಡೇ ಸೆನ್ಸರ್ ಇದ್ದರೆ ಇದು ಹೆಚ್ಚು, ನಾಲ್ಕಿದ್ದರೆ ಸಾಮಾನ್ಯವಾಗಿ ಯಾವುದಾದರೂ ಒಂದಕ್ಕೆ ಕಾಣುತ್ತದೆ. ಟಿಗ್‌ನಲ್ಲಿ (ಟಂಗ್‌ಸ್ಟನ್ ಕಡ್ಡಿಯ ವೆಲ್ಡಿಂಗ್) 20 ಆಂಪಿಯರಿಗಿಂತ ಕೆಳಗೆ ಬೆಳಕೇ ಮಂದ, ಜೊತೆಗೆ ಇನ್ವರ್ಟರ್ ವೆಲ್ಡಿಂಗ್ ಮಷೀನಿನ ಡಿಸಿ ಆರ್ಕ್ ಏರಿಳಿತವಿಲ್ಲದೆ ಉರಿಯುವುದರಿಂದ ಅಗ್ಗದ ಸೆನ್ಸರ್ ಮೋಸ ಹೋಗುತ್ತದೆ. ಸೆನ್ಸಿಟಿವಿಟಿ (ಸೆನ್ಸರಿನ ಸೂಕ್ಷ್ಮತೆ) ಪೂರ್ತಿ ಏರಿಸಿ, ಡಿಲೇ (ಆರ್ಕ್ ನಿಂತ ಮೇಲೆ ಗ್ಲಾಸ್ ತಿಳಿಯಾಗಲು ಹಿಡಿಯುವ ಸಮಯ) ಸ್ವಲ್ಪ ಹೆಚ್ಚಿಸಿ, ಸೆನ್ಸರ್ ಕಿಂಡಿಗಳನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಹೊರಗಿನ ಪ್ಲಾಸ್ಟಿಕ್ ಪ್ಲೇಟ್ ಸೆನ್ಸರುಗಳನ್ನೂ ಮುಚ್ಚುವಂತಿದ್ದು ಕಿಡಿ ಸಿಡಿದು ಚುಕ್ಕೆಚುಕ್ಕೆಯಾಗಿದ್ದರೆ ಅದನ್ನೂ ಬದಲಿಸಿ. ಹಳೆಯದನ್ನು ಮಿಲಿಮೀಟರಿನಲ್ಲಿ ಅಳೆದು ಪಾಲಿಕಾರ್ಬೊನೇಟ್ ಪ್ಲೇಟನ್ನೇ ಕೇಳಿ. ಕೂರಿಸುವ ಮುನ್ನ ಎರಡೂ ಬದಿಯ ರಕ್ಷಣಾ ಫಿಲ್ಮ್ ಕಿತ್ತುಹಾಕಿ. ಅದನ್ನು ಬಿಟ್ಟು ಹಾಕಿಕೊಂಡು ಕಾಣಿಸುತ್ತಿಲ್ಲವೆಂದು ಹೆಲ್ಮೆಟ್ಟನ್ನು ಬೈಯುವವರಿದ್ದಾರೆ. ಥಿನ್ನರ್, ಪೆಟ್ರೋಲ್ ತಾಗಿಸಬೇಡಿ, ಪ್ಲೇಟ್ ಮಬ್ಬಾಗುತ್ತದೆ.

ಇದರ ಉಲ್ಟಾ ತೊಂದರೆಯೂ ಇದೆ: ಆರ್ಕ್ ಇಲ್ಲದಿದ್ದರೂ ಗ್ಲಾಸ್ ಕಪ್ಪಾಗುವುದು. ಬಿಸಿಲು, ಮಿನುಗುವ ದೀಪ, ಪಕ್ಕದವನ ಆರ್ಕ್, ಎಲ್ಲವೂ ಸೆನ್ಸರನ್ನು ಕೆಣಕುತ್ತವೆ. ಸೆನ್ಸಿಟಿವಿಟಿಯನ್ನು ಕಪ್ಪು ಬಿಡುವ ತನಕ ಮಾತ್ರ ಇಳಿಸಿ, ಕೆಲಸದ ದಿಕ್ಕು ಬದಲಿಸಿ. ಆರ್ಕ್ ನಿಂತ ಮೇಲೆ ತಡವಾಗಿ ತಿಳಿಯಾಗುತ್ತಿದ್ದರೆ ಡಿಲೇ ಕಡಿಮೆ ಮಾಡಿ. ಟ್ಯಾಕ್ (ಅಲ್ಲಲ್ಲಿ ಚಿಕ್ಕ ಬೆಸುಗೆ) ಹೊಡೆಯುವಾಗ ಕಡಿಮೆ ಡಿಲೇ ಹಿತ, ಹೆಚ್ಚು ಕರೆಂಟಿನಲ್ಲಿ ಬೆಸುಗೆ ಕೆಂಪಗೆ ಹೊಳೆಯುತ್ತಿರುವಾಗ ಹೆಚ್ಚು ಡಿಲೇ ಬೇಕು.

ಶೇಡ್ ಲೆಕ್ಕ: 2.5 ಮಿಮೀ ವೆಲ್ಡಿಂಗ್ ರಾಡಿಗೆ 10ರಿಂದ, 3.15ಕ್ಕೆ 10 ಅಥವಾ 11ರಿಂದ ಆರಂಭಿಸಿ. ಬೆಸುಗೆಯ ಕೊಳ ಸ್ಪಷ್ಟವಾಗಿ ಕಂಡು ಕಣ್ಣಿಗೆ ಚುಚ್ಚದಿದ್ದರೆ ಸರಿ.

ಒಳ್ಳೆಯ ಫಿಲ್ಟರ್ ಕಪ್ಪಾಗದಿದ್ದರೂ ಅತಿನೇರಳೆ ಮತ್ತು ಅವಗೆಂಪು ಕಿರಣಗಳನ್ನು ತಡೆಯುತ್ತದೆ. ಹಾಗೆಂದು ಕಪ್ಪಾಗದ ಹೆಲ್ಮೆಟ್ಟಿನಲ್ಲಿ ಕೆಲಸ ಮುಂದುವರಿಸಬೇಡಿ, ಕಣ್ಣು ಕುಕ್ಕುವ ಬೆಳಕು ನೇರ ಬೀಳುತ್ತದೆ. ಗಂಟೆಗಳ ನಂತರ ಕಣ್ಣಲ್ಲಿ ಮರಳು ಹೊಕ್ಕಂತೆ ಉರಿದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಗ್ಲಾಸ್ ಸರಿಯಾಗಿಯೇ ಇದ್ದೂ ಹೀಗಾದರೆ ಹಿಂದಿನಿಂದ, ಪಕ್ಕದಿಂದ ಬೆಳಕು ಪ್ರತಿಫಲಿಸಿ ಒಳಬರುತ್ತಿದೆಯೇ ನೋಡಿ. ಫಿಲ್ಟರಿನಲ್ಲಿ ಬಿರುಕಿದ್ದರೆ ಅಥವಾ ಕಪ್ಪಾದಾಗ ಒಂದು ಭಾಗ ತೆಳ್ಳಗೆ ಉಳಿದರೆ ಅದಕ್ಕೆ ರಿಪೇರಿಯಿಲ್ಲ, ಕ್ಯಾಸೆಟ್ ಬದಲಿಸಿ.