ಮದುಮಗಳ ಫೋಟೊ: ಮೇಕಪ್ಪಿಗಿಂತ ಮೊದಲು ಚಪ್ಪರ ನೋಡಿ

ಮದುವೆ ನಿಶ್ಚಯವಾದ ಕೂಡಲೇ ಮೇಕಪ್ ಮಾಡುವವರಿಗಾಗಿ ಹುಡುಕಾಟ ಶುರುವಾಗುತ್ತದೆ. ಆದರೆ ಫೋಟೊದಲ್ಲಿ ಮುಖ ಹೇಗೆ ಬರುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ತಲೆಯ ಮೇಲಿನ ಚಪ್ಪರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಂಗಳದಲ್ಲೇ ಮದುವೆ ಮಾಡುವವರು ಈಗಲೂ ಇದ್ದಾರೆ. ಅಡಿಕೆ ಮರದ ಕಂಬ ನೆಟ್ಟು, ಬೇಸಿಗೆ ಮಳೆಗೆ ಹೆದರಿ ಮೇಲೊಂದು ನೀಲಿ ಟಾರ್ಪಾಲು ಎಳೆಯುತ್ತಾರೆ. ಬಿಸಿಲು ಅದರ ಮೂಲಕ ಇಳಿದರೆ ಮುಖ, ಧಾರೆ ಸೀರೆ, ಬೆಳ್ಳಿ ತಟ್ಟೆ ಎಲ್ಲವೂ ನೀಲಿ. ಬಣ್ಣದ ಪಟ್ಟೆಯ ಶಾಮಿಯಾನವಾದರೆ ಒಂದು ಕೆನ್ನೆ ಕೆಂಪು, ಇನ್ನೊಂದು ಹಳದಿ. ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು ಕುಳಿತರೆ ಸೀರೆ ಸರಿಹೋಗುವಷ್ಟರಲ್ಲಿ ಮುಖದ ಬಣ್ಣ ಕೆಟ್ಟಿರುತ್ತದೆ.

ಆದ್ದರಿಂದ ಮೊದಲ ಕೆಲಸ ಇದು: ಚಪ್ಪರ ಹಾಕುವವರ ಬಳಿ ಅಪ್ಪನೋ ಸೋದರಮಾವನೋ ಮುಂಚೆಯೇ ಮಾತನಾಡಲಿ. ನೀಲಿಯ ಕೆಳಗೆ ಬಿಳಿ ಬಟ್ಟೆ ಕಟ್ಟಿದರೆ ಸಾಲದು, ಬೆಳಕು ನೀಲಿಯಾಗಿಯೇ ಇಳಿಯುತ್ತದೆ. ಮಂಟಪದ ಮೇಲಿನಷ್ಟು ಜಾಗಕ್ಕಾದರೂ ಸೋಗೆಯನ್ನು ದಪ್ಪಗೆ ಹೊದಿಸಿ ಮೇಲಿನ ಬೆಳಕನ್ನು ತಡೆಯಬೇಕು. ವಧೂವರರು ಪೂರ್ವಕ್ಕೆ ಮುಖ ಮಾಡಿ ಕೂರುವುದಾದರೆ ಆ ಬದಿಯ ಪರದೆಯನ್ನು ಎತ್ತಿ ಕಟ್ಟಿ. ಬಯಲಿನ ಬೆಳಕು ಓರೆಯಾಗಿ ಬಂದು ಮುಖ ತುಂಬುತ್ತದೆ. ಶಿವಮೊಗ್ಗದ ಕಲ್ಯಾಣ ಮಂಟಪಗಳಲ್ಲಾದರೆ ಧಾರೆಯ ಹೊತ್ತಿಗೆ ವೇದಿಕೆಯ ಬಣ್ಣದ ದೀಪಗಳನ್ನು ಆರಿಸಲು ಹೇಳಿದರೆ ಸಾಕು.

ಎರಡನೆಯದು ಹೊತ್ತಿನ ಲೆಕ್ಕ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನಮ್ಮ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಅಭಿಜಿನ್ ಮುಹೂರ್ತ ಮುಗಿಸಿ ನೇರ ಅಂಗಳಕ್ಕೆ ಬಂದು ನಿಂತರೆ ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಎಂಥ ಮೇಕಪ್ಪೂ ಅದನ್ನು ಮುಚ್ಚಲಾರದು. ಆಗ ಜಗಲಿಗೆ ಬನ್ನಿ. ಮಾಡಿನ ನೆರಳಿನ ಅಂಚಿನಿಂದ ಒಂದು ಹೆಜ್ಜೆ ಒಳಗೆ, ಅಂಗಳಕ್ಕೆ ಮುಖ ಮಾಡಿ ಕಂಬದ ಪಕ್ಕ ನಿಲ್ಲಿ. ಅಂಗಳದ ನೆಲದಿಂದ ಮೇಲೇಳುವ ಬೆಳಕು ಗಲ್ಲದ ಅಡಿಯ ನೆರಳನ್ನೂ ತೆಳುವಾಗಿಸುತ್ತದೆ. ನಿಮ್ಮೊಬ್ಬರ ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ಸ್ಟುಡಿಯೊ ಬೇಕಿಲ್ಲ. ಮೋಡ ಕವಿದಿದ್ದರೆ ಬೇಸರ ಬೇಡ, ಅದು ಮೃದುವಾದ ಬೆಳಕು. ಬಿಸಿಲಿದ್ದರೆ ಹೊರಗಿನ ಚಿತ್ರಗಳನ್ನು ಸಂಜೆ ಐದೂವರೆಯ ನಂತರಕ್ಕೆ ಇಟ್ಟುಕೊಳ್ಳಿ.

ಇನ್ನು ಮುಖ. ಫೌಂಡೇಶನ್ ಬಣ್ಣವನ್ನು ಕತ್ತಿನ ಬಣ್ಣಕ್ಕೆ ಹೊಂದಿಸಿ, ಅದೂ ಹಗಲು ಬೆಳಕಿನಲ್ಲಿ. ಒಂದು ಛಾಯೆ ಬೆಳ್ಳಗೆ ಮಾಡುತ್ತೇವೆ ಎಂದರೆ ಬೇಡವೆಂದು ಖಂಡಿತವಾಗಿ ಹೇಳಿ. ಮುಖ ಒಂದು ಬಣ್ಣ, ಧಾರೆಗೆ ಚಾಚಿದ ಕೈ ಇನ್ನೊಂದು ಬಣ್ಣವಾಗಿ ಬಂದ ಎಷ್ಟೋ ಆಲ್ಬಮ್‌ಗಳನ್ನು ನೋಡಿ ನನಗೆ ಸಂಕಟವಾಗಿದೆ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಸನ್‌ಸ್ಕ್ರೀನ್ ಬಳಿದರೆ ಫ್ಲಾಷ್ ಬಿದ್ದಾಗ ಮುಖ ಬೂದಿ ಬಳಿದಂತೆ ಕಾಣಬಹುದು. ಮೇಕಪ್ ಪ್ರಯೋಗದ ದಿನವೇ ಫ್ಲಾಷ್ ಹಾಕಿ ಒಂದು ಚಿತ್ರ ತೆಗೆದು ನೋಡಿ. ಹೋಮದ ಮುಂದೆ ಬೆವರುವುದು ಸಹಜ. ಟಿಶ್ಯೂವನ್ನು ಒತ್ತಿ ತೆಗೆಯಬೇಕು, ಉಜ್ಜಬಾರದು. ಪಕ್ಕದಲ್ಲಿರುವ ತಂಗಿಗೆ ಈ ಕೆಲಸ ವಹಿಸಿ.

ಮದರಂಗಿಯನ್ನು ಎರಡು ದಿನ ಮೊದಲೇ ಹಚ್ಚಿಕೊಳ್ಳಿ, ತೆಗೆದ ಮೇಲೂ ಬಣ್ಣ ಏರುತ್ತಾ ಹೋಗುತ್ತದೆ. ಗಂಟೆಯೊಳಗೆ ಕಪ್ಪಾಗುವ ಕೋನ್ ಬೇಡ. ಕೂದಲಿನ ಬಣ್ಣದ ರಾಸಾಯನಿಕ ಬೆರೆತಿದ್ದರೆ ಕೈ ಬೊಬ್ಬೆ ಏಳಬಹುದು.

ಬಾಸಿಂಗ, ಮೊಗ್ಗಿನ ಜಡೆ ಎರಡನ್ನೂ ಒಮ್ಮೆ ಕಟ್ಟಿಸಿಕೊಂಡು ಮಣೆಯ ಮೇಲೆ ಕುಳಿತು ನೋಡಿ. ಬಾಸಿಂಗ ಹುಬ್ಬಿಗಿಂತ ಮೇಲಿದ್ದರೆ ಕಣ್ಣಿಗೆ ನೆರಳು ಬೀಳುವುದಿಲ್ಲ. ಜಡೆಯ ಭಾರಕ್ಕೆ ತಲೆ ಹಿಂದಕ್ಕೆ ವಾಲುತ್ತಿದ್ದರೆ ಇನ್ನೆರಡು ಪಿನ್ ಬೇಕು. ಧಾರೆಯ ಸಮಯದಲ್ಲಿ ಕತ್ತು ಬಗ್ಗಿಸದೆ ಸೊಂಟದಿಂದ ತುಸು ಮುಂದೆ ಬಾಗಿ. ಛಾಯಾಗ್ರಾಹಕರೂ ನೆಲಕ್ಕೆ ಕುಳಿತು ನಿಮ್ಮ ಕಣ್ಣಿನ ಮಟ್ಟದಿಂದ ತೆಗೆಯಲಿ. ಯಾರ ಯಾರ ಜೊತೆ ಚಿತ್ರ ಬೇಕೆಂಬ ಪಟ್ಟಿ ಅಣ್ಣನ ಕೈಯಲ್ಲಿರಲಿ, ಅದರಲ್ಲಿ ಅಜ್ಜಿಯ ಹೆಸರು ಮೊದಲು ಬರಲಿ.

ಆಲ್ಬಮ್ ಅಚ್ಚಿಗೆ ಹೋಗುವ ಮೊದಲು ನಾಲ್ಕಾರು ಪುಟಗಳನ್ನು ತರಿಸಿಕೊಂಡು ನೋಡಿ. ಚರ್ಮ ಬೆಳ್ಳಗಾಗಿಸಿದ್ದರೆ, ಕೆನ್ನೆಯ ಮಚ್ಚೆ ಅಳಿಸಿದ್ದರೆ, ಮೊದಲಿನಂತೆಯೇ ಇಡಿ ಎಂದು ಛಾಯಾಗ್ರಾಹಕರಿಗೆ ಬರೆದು ತಿಳಿಸಿ.